ದೋಣಿಗೊಂದು ಮೆಟ್ಟಿಲು

"ಬಿಡಿ ನನ್ನ! ಮೊದಲು ಕೆಳಗಿಳಿಸಿ!"

ಅವಳ ಕೂಗಿಗೆ ದೋಣಿಯಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಮೀನು ಮಾರುವವಳಂತೂ ಬುಟ್ಟಿ ತಬ್ಬಿಕೊಂಡೇ ಬಾಯಿ ತೆರೆದಳು.

ದೋಣಿಯವನು ಗಾಬರಿಯಿಂದ ಅವಳನ್ನು ಹಲಗೆಯ ಮೇಲೆ ಕೂರಿಸಿದ. ತಾನು ಮಾಡಿದ ತಪ್ಪೇನು ಅಂತ ಅವನಿಗೆ ಹೊಳೆಯಲೇ ಇಲ್ಲ. ನೀರು ಇಳಿದಿತ್ತು, ದೋಣಿ ಕಟ್ಟೆಗಿಂತ ಮೊಣಕಾಲುದ್ದ ಕೆಳಗಿತ್ತು. ಬಲಗಾಲಿಗೆ ಪಟ್ಟಿ ಬಿಗಿದುಕೊಂಡ ಹುಡುಗಿ ಅಂಚಿನಲ್ಲಿ ನಿಂತು ಕಾಲು ಮುಂದಿಡುತ್ತಾಳೆ, ಹಿಂದೆ ತೆಗೆಯುತ್ತಾಳೆ... ಸಾಮಾನು ಎತ್ತಿ ಎತ್ತಿ ಅಭ್ಯಾಸವಾದ ತೋಳುಗಳು. ಎತ್ತಿ ಒಳಗಿಟ್ಟುಬಿಟ್ಟಿದ್ದ.

"ನಾನೇನು ಸಿಮೆಂಟ್ ಮೂಟೆನಾ?"

"ಬೀಳ್ತೀರೇನೋ ಅಂತ..."

"ಬಿದ್ರೆ ನಾನು ಬೀಳ್ತೀನಿ! ಎತ್ತಿ ಅಂತ ನಿಮ್ಮನ್ನ ಕೇಳಿದ್ನಾ?"

ಅವನು ಹಗ್ಗ ಬಿಚ್ಚಿದ. ಅವಳು ನೀರಿನ ಕಡೆ ಮುಖ ತಿರುಗಿಸಿ ಕೂತಳು. ಅಳುವುದನ್ನು ಯಾರೂ ನೋಡಬಾರದಿತ್ತು.

ಆಚೆ ದಡದ ಕಣ್ಣಾಸ್ಪತ್ರೆಯಲ್ಲಿ ಕನ್ನಡಕದ ಗಾಜು ಉಜ್ಜಿ, ಚೌಕಟ್ಟಿಗೆ ಕೂರಿಸುವುದು ಅವಳ ಕೆಲಸ. ಬಸ್ ಅಪಘಾತವಾಗಿ ಮಂಡಿಚಿಪ್ಪು ಒಡೆದ ಮೇಲೆ ಬಹಳ ದಿನ ಮನೆ ಹಿಡಿದಿದ್ದಳು. ಮಂಚದಿಂದ ಎತ್ತಿದವರು, ಕುರ್ಚಿಗೆ ಎತ್ತಿದವರು, ಆಟೋಗೆ ಎತ್ತಿದವರು... ಎಲ್ಲರೂ ಒಳ್ಳೆಯವರೇ. ಎಲ್ಲರ ಬಾಯಲ್ಲೂ ಒಂದೇ ಮಾತು, "ಪಾಪ!"

ಇವತ್ತು ಮತ್ತೆ ಕೆಲಸಕ್ಕೆ ಸೇರುವ ದಿನ. ಇನ್ನು ಯಾರ ಕೈಲೂ ಎತ್ತಿಸಿಕೊಳ್ಳುವುದಿಲ್ಲ ಅಂತ ಬೆಳಿಗ್ಗೆ ಹಲ್ಲು ಕಚ್ಚಿ ಹೊರಟಿದ್ದಳು. ಆ ಹಟ ದೋಣಿಕಟ್ಟೆ ದಾಟುವವರೆಗೂ ಉಳಿಯಲಿಲ್ಲ.

ಸಂಜೆ ವಾಪಸ್ ಹೊರಟಾಗ ದೋಣಿಯವನು ಎರಡೂ ಕೈ ಮೈಗೆ ಅಂಟಿಸಿಕೊಂಡು ನಿಂತಿದ್ದ. ಮೇಷ್ಟ್ರ ಮುಂದೆ ನಿಂತ ಹುಡುಗನ ಹಾಗೆ!

"ಬೆಳಿಗ್ಗೆ ತಪ್ಪಾಯ್ತು. ಇನ್ಮೇಲೆ ಕೇಳ್ದೆ ಮುಟ್ಟಲ್ಲ... ಕೈ ಕೊಡ್ಲಾ?"

ಬೇಡ ಅನ್ನಬೇಕೆಂದಿತ್ತು ಅವಳಿಗೆ. ಆದರೆ ಬೇಡ ಅಂದರೆ ಮನೆ ಸೇರುವುದು ಹೇಗೆ? ಎಡಗೈ ಚಾಚಿದಳು.

"ನಾನು ಎಳೆಯಲ್ಲ. ನೀವೇ ಹಿಡ್ಕೊಳ್ಳಿ, ಎಷ್ಟು ಬೇಕೋ ಅಷ್ಟು ಭಾರ ಹಾಕಿ."

ಅವನ ಕೈ ಅಲುಗಲಿಲ್ಲ. ಅವಳು ನಿಧಾನಕ್ಕೆ ಬಲಗಾಲು ಇಳಿಸಿದಳು, ಆಮೇಲೆ ಎಡಗಾಲು. ಒಳಗೆ ನಿಂತ ಮೇಲೇ ಅವಳಿಗೆ ಉಸಿರು ಬಂದದ್ದು. ಅವನು ಹೋಗಿ ಹುಟ್ಟು ಹಿಡಿದ. ಇವನು ಮಾತ್ರ "ಪಾಪ" ಅನ್ನಲಿಲ್ಲ.

ಹಾಗೆ ಶುರುವಾಯಿತು.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಹತ್ತುವಾಗ, ಇಳಿಯುವಾಗ. ಆ ನಾಲ್ಕು ಕ್ಷಣಗಳಿಗಾಗಿ ಅವಳು ಕಾಯತೊಡಗಿದ್ದು ಯಾವಾಗ ಅಂತ ಅವಳಿಗೇ ತಿಳಿಯದು. ಗಾಜು ಉಜ್ಜುತ್ತಾ ಉಜ್ಜುತ್ತಾ ಗಡಿಯಾರ ನೋಡುತ್ತಿದ್ದಳು. ಹೊರಡುವ ಮುಂಚೆ ಕೈಗೆ ಮೆತ್ತಿದ ಗಾಜಿನ ಪುಡಿಯನ್ನು ಸೋಪು ಹಾಕಿ ತೊಳೆಯುತ್ತಿದ್ದಳು... ಎಡಗೈಯನ್ನು ಎರಡೆರಡು ಸಲ.

"ಏನೇ, ಕೆಲಸಕ್ಕೆ ಹೊರಟಿದೀಯೋ, ಫೋಟೋ ತೆಗೆಸ್ಕೊಳ್ಳೋಕೋ?" ಅಂತ ಕಾಲೆಳೆದಳು ಅತ್ತೆ. ಅಪ್ಪನ ತಂಗಿ, ಇವಳನ್ನು ಸಾಕಿ ಬೆಳೆಸಿದವಳು. ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾದಷ್ಟು ಎತ್ತರದ ಹೆಂಗಸು. ನಾಲಿಗೆಯೂ ಅದಕ್ಕೆ ತಕ್ಕಷ್ಟು ಉದ್ದ.

"ಸುಮ್ನಿರಿ ಅತ್ತೆ!"

"ನಾನು ಸುಮ್ನೇ ಇದೀನಿ. ನಿನ್ನ ಮುಖಾನೇ ಸುಮ್ನಿಲ್ಲ."

ಒಂದು ಸೋಮವಾರ ದೋಣಿಕಟ್ಟೆಗೆ ಬಂದವಳು ಅಲ್ಲೇ ನಿಂತುಬಿಟ್ಟಳು.

ಕಟ್ಟೆಯ ಪಕ್ಕ ನೀರಿನ ಮೇಲೊಂದು ಹಲಗೆಯ ಜಗಲಿ ತೇಲುತ್ತಿತ್ತು. ಅಡಿಯಲ್ಲಿ ಖಾಲಿ ಡ್ರಮ್ಮುಗಳು. ನೀರು ಏರಿದರೆ ಅದೂ ಏರುತ್ತದೆ, ಇಳಿದರೆ ಇಳಿಯುತ್ತದೆ, ಯಾವತ್ತೂ ದೋಣಿಯ ಸಮಕ್ಕೇ ಇರುತ್ತದೆ. ಕಟ್ಟೆಯಿಂದ ಅದಕ್ಕೆ ಇಳಿಜಾರು ಹಲಗೆ, ಜಾರದಂತೆ ಮೇಲೆ ಅಡ್ಡಪಟ್ಟಿ. ದೋಣಿಯೊಳಗೆ ಒಂದು ಮೆಟ್ಟಿಲು. ಹಿಡಿದುಕೊಳ್ಳಲು ಜಗಲಿಯ ಮೇಲೊಂದು ಕಂಬ, ದೋಣಿಯಲ್ಲೊಂದು ಕಂಬ. ಓಲಾಡದಂತೆ ದೋಣಿಯನ್ನು ಹಿಂದೆ ಮುಂದೆ ಎರಡೂ ಕಡೆ ಹಗ್ಗದಿಂದ ಬಿಗಿದಿದ್ದ.

ಅವನು ಅಲ್ಲೇ ನಿಂತಿದ್ದ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು. ನಿದ್ದೆಗೆಟ್ಟ ಕಣ್ಣು, ಆದರೂ ಮುಖದ ತುಂಬ ಹಿಗ್ಗು.

"ನೋಡಿ... ಆಚೆ ದಡದಲ್ಲೂ ಹೀಗೇ ಮಾಡಿದೀನಿ. ಇನ್ಮೇಲೆ ಯಾರ ಕೈನೂ ಬೇಕಾಗಿಲ್ಲ ನಿಮಗೆ!"

ಅವಳ ಕಣ್ಣು ಅವನ ಕೈಗಳನ್ನು ಹುಡುಕಿತು.

'ಬೆನ್ನ ಹಿಂದೆ ಯಾಕೆ ಇಟ್ಕೊಂಡಿದಾರೆ ಕೈನ? ನಾನೆಲ್ಲಿ ಹಿಡಿದುಬಿಡ್ತೀನೋ ಅಂತಲಾ?'

ಅಷ್ಟರಲ್ಲಿ ಮೀನಿನವಳು ಒಳ್ಳೆಯ ಮನಸ್ಸಿನಿಂದಲೇ ಅಂದಳು, "ಒಳ್ಳೇ ಕೆಲಸ ಮಾಡಿದ ಬಿಡಮ್ಮ. ದಿನಾ ಹತ್ತಿಸಿ ಇಳಿಸಿ ಅವನಿಗೂ ಸಾಕಾಗಿತ್ತೋ ಏನೋ, ಪಾಪ."

ಈ ಸಲದ "ಪಾಪ" ಅವನ ಪಾಲಿಗೆ ಬಿದ್ದಿತ್ತು. ಅದು ಅವಳಿಗೆ ಇನ್ನೂ ಜೋರಾಗಿ ಚುಚ್ಚಿತು.

"ಅನುಕೂಲ ಆಯ್ತು," ಅಂದಳು ಒಣದನಿಯಲ್ಲಿ. ಕಂಬ ಹಿಡಿದು ಹೆಜ್ಜೆ ಇಟ್ಟಳು. ಕಾಲು ನಡುಗಲಿಲ್ಲ, ನೋವಾಗಲಿಲ್ಲ. ಅಷ್ಟು ಸಲೀಸಾಗಿ ದೋಣಿಯೊಳಗೆ ಬಂದುಬಿಟ್ಟಳಲ್ಲ... ಅದೇ ಅವಳಿಗೆ ತಡೆಯಲಾಗದೆ ಹೋಯಿತು. ಅವನ ಮುಖದ ಹಿಗ್ಗು ಇಳಿದುಹೋದದ್ದನ್ನು ಅವಳು ನೋಡಲೇ ಇಲ್ಲ.

ಮರುದಿನದಿಂದ ಅವಳು ಬಸ್ಸು ಹಿಡಿದಳು. ಸೇತುವೆ ಸುತ್ತಿಕೊಂಡು ಹೋಗುವ ದೂರದ ದಾರಿ. ನಿಂತು ನಿಂತು ಮಂಡಿ ಊದಿಕೊಂಡಿತು. ಅದನ್ನು ನೋಡಿದ ಮ್ಯಾನೇಜರ್, ಆಸ್ಪತ್ರೆಯ ಹಿಂದಿನ ವಸತಿಯಲ್ಲಿ ರೂಮು ಖಾಲಿ ಇದೆ ಅಂದರು. ಅವಳು ಹೂಂ ಅಂದುಬಿಟ್ಟಳು. ರೂಮು ಸೇರಿದರೆ ಬಸ್ಸೂ ಇಲ್ಲ, ದೋಣಿಯೂ ಇಲ್ಲ, ಅವನ ಮುಖ ನೋಡುವ ಸಂಕಟವೂ ಇಲ್ಲ.

ಅತ್ತೆ ಆ ದಿನ ಪಾತ್ರೆಗಳನ್ನೆಲ್ಲ ಸದ್ದು ಮಾಡಿ ಇಟ್ಟಳು. ಆಮೇಲೆ ಪರದೆಯ ಬಟ್ಟೆ ಕಂಕುಳಲ್ಲಿ ಇಟ್ಟುಕೊಂಡು, "ಆ ರೂಮು ಹೇಗಿದೆ ಅಂತ ನಾನೇ ನೋಡ್ಕೊಂಡು ಬರ್ತೀನಿ," ಅಂತ ದೋಣಿಕಟ್ಟೆಯ ಕಡೆ ಹೊರಟಳು. ಹತ್ತುವಾಗ ಕಾಲು ಜಾರುತ್ತದೆಂಬ ಹೆದರಿಕೆಗೆ ಎಷ್ಟೋ ವರ್ಷದಿಂದ ದೋಣಿಯ ಕಡೆ ತಲೆ ಹಾಕದವಳು!

ವಾಪಸ್ ಬಂದವಳ ಮುಖ ಕೆಂಪಗಾಗಿತ್ತು.

"ರೂಮು ಪರವಾಗಿಲ್ಲ. ದೋಣೀನೂ ಪರವಾಗಿಲ್ಲ, ಸಲೀಸಾಗಿ ಹತ್ತಿದೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಆ ಕಂಬ ಹಾಕಿದಾನಲ್ಲ, ಅವನಿಗೆ ತಲೆ ನೆಟ್ಟಗಿದ್ಯಾ? ಹಿಡ್ಕೊಳ್ಳೋಕೆ ನಾನು ನಡು ಬಗ್ಗಿಸ್ಬೇಕು! ಅದೂ ಹತ್ತೋವಾಗ್ಲೂ ಎಡಗೈಗೆ, ಇಳಿಯೋವಾಗ್ಲೂ ಎಡಗೈಗೆ. ಬಲಗೈ ಏನು ಪಾಪ ಮಾಡಿತ್ತು?"

ಪಾತ್ರೆ ಒರೆಸುತ್ತಿದ್ದ ಅವಳ ಕೈ ನಿಂತಿತು.

"ದೋಣೀಲಿದ್ದೋರೆಲ್ಲಾ ಅದನ್ನೇ ಗೊಣಗ್ತಿದ್ರು. ಸ್ವಲ್ಪ ಎತ್ತರ ಮಾಡಪ್ಪ ಅಂತ ನಾನೂ ಹೇಳ್ದೆ. ಅದಕ್ಕೆ ಏನಂದ ಗೊತ್ತಾ? 'ನಿಮಗೆಲ್ಲ ಬೇರೆ ಕಂಬ ಹಾಕ್ಕೊಡ್ತೀನಮ್ಮ, ಈ ಕಂಬಗಳನ್ನ ಮಾತ್ರ ಮುಟ್ಟಲ್ಲ' ಅಂದ!"

"ಎಷ್ಟು ಎತ್ತರ ಇತ್ತು ಅತ್ತೆ?"

"ಇಗೋ, ಇಷ್ಟು..." ಅತ್ತೆ ತೋರಿಸಲು ಕೈ ಚಾಚಿದಳು. ಆ ಕೈ ಬಂದು ನಿಂತದ್ದು ಗಿಡ್ಡ ಸೋದರಸೊಸೆಯ ಎಡ ಅಂಗೈಗೆ ಸರಿಯಾಗಿ.

ಇಬ್ಬರೂ ಆ ಕೈಯನ್ನೇ ನೋಡಿದರು.

"ಅಯ್ಯೋ ಪೆದ್ದೀ..." ಅಂದಳು ಅತ್ತೆ, ಈ ಸಲ ಮೆತ್ತಗೆ. "ನಿಂತ್ಕೊಂಡು ಏನ್ ನೋಡ್ತಿದೀಯಾ? ಹೋಗು!"

ಅವಳು ಕಟ್ಟೆ ತಲುಪಿದಾಗ ಕೊನೆಯ ಸುತ್ತು ಮುಗಿದಿತ್ತು. ಹೊತ್ತು ಇಳಿಯುತ್ತಿತ್ತು. ಅವನು ಜಗಲಿಯ ಮೇಲೆ ಮಂಡಿಯೂರಿ ಹಲಗೆಗಳ ಪಾಚಿ ಉಜ್ಜುತ್ತಿದ್ದ. ಅವಳನ್ನು ಕಂಡು ಎದ್ದ, ಆದರೆ ಹತ್ತಿರ ಬರಲಿಲ್ಲ.

"ಜಾರತ್ತೆ, ನಿಧಾನ... ಇದು ಚೆನ್ನಾಗಿಲ್ಲ ಅಂತ ಬಸ್ಸಲ್ಲಿ ಹೋಗ್ತಿದೀರಾ? ಎಲ್ಲಿ ತಪ್ಪಾಗಿದೆ ಹೇಳಿ, ಸರಿ ಮಾಡ್ತೀನಿ."

"ನನ್ನ ಕೈ ಹಿಡಿದು ಹಿಡಿದು ನಿಮಗೆ ಸಾಕಾಗಿತ್ತಾ?"

ಅವನು ದಂಗಾಗಿ ನೋಡಿದ. ಕೈಯಲ್ಲಿದ್ದ ಬ್ರಷ್ಷಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಸಾಕಾಗೋದಾ?... ಬೆಳಿಗ್ಗೆ ನಾನು ಏಳ್ತಿದ್ದಿದ್ದೇ ಅದಕ್ಕೆ!"

"ಮತ್ತೆ ಇದೆಲ್ಲ ಯಾಕೆ?"

ಅವನು ಬ್ರಷ್ಷನ್ನು ಕೆಳಗಿಟ್ಟ.

"ನಮ್ಮಮ್ಮಂಗೆ ಕೊನೆಕೊನೆಗೆ ಕಾಲು ಎತ್ತಿಡೋಕೆ ಆಗ್ತಿರ್ಲಿಲ್ಲ. ನಾನೇ ಎತ್ತಿ ದೋಣೀಲಿ ಕೂರಿಸ್ತಿದ್ದೆ. ಪ್ರೀತಿಯಿಂದ್ಲೇ. ಒಂದಿನ 'ನಾನಿನ್ನು ಎಲ್ಲಿಗೂ ಬರಲ್ಲ ಕಣೋ' ಅಂದ್ಲು. ಆಮೇಲೆ ಬರ್ಲೇ ಇಲ್ಲ. ಆಚೆ ದಡದಲ್ಲಿ ಅವಳ ತಂಗಿ ಸತ್ತಾಗ್ಲೂ... ಈಚೆ ನಿಂತ್ಕೊಂಡೇ ಅತ್ಲು."

ಅವನು ಆಚೆ ದಡದ ಕಡೆ ನೋಡಿದ.

"ಎಲ್ರ ಮುಂದೆ ಎತ್ತಿಸ್ಕೊಳ್ಳೋಕೆ ಅವಳಿಗೆ ನಾಚಿಕೆ ಆಗ್ತಿತ್ತು ಅಂತ ನಂಗೆ ಹೊಳೀಲೇ ಇಲ್ಲ. ನೀವು ಅವತ್ತು ಬೈದ್ರಲ್ಲ... ಅವತ್ತು ಗೊತ್ತಾಯ್ತು. ಅವಳಿಗೆ ಬೇಕಾಗಿದ್ದಿದ್ದು ಒಂದು ಮೆಟ್ಟಿಲು. ಅದನ್ನ ನಾನು ಮಾಡ್ಕೊಡ್ಲೇ ಇಲ್ಲ."

ಅವಳ ಕಣ್ಣು ತುಂಬಿ ಬಂತು. ಈ ಸಲ ಮುಖ ತಿರುಗಿಸಲಿಲ್ಲ.

"ಮತ್ತೆ ಆ ದಿನ ಕೈ ಯಾಕೆ ಹಿಂದೆ ಕಟ್ಕೊಂಡಿದ್ರಿ?"

"ಚಾಚ್ಬಿಡ್ತೀನೇನೋ ಅಂತ ಭಯ!" ಅವನು ತಲೆ ತಗ್ಗಿಸಿದ. "ಇಷ್ಟು ದಿನ ನಿಮಗೆ ಬೇರೆ ದಾರಿ ಇರ್ಲಿಲ್ಲ, ಹಿಡಿದ್ರಿ. ಅದನ್ನೇ ನನ್ನ ಅದೃಷ್ಟ ಅಂದ್ಕೊಂಡು ಖುಷಿಪಡೋದು... ಕದ್ದ ಹಾಗೆ ಅನ್ಸ್ತಿತ್ತು. ರೂಮು ನೋಡಿದೀರಂತೆ, ನಿಮ್ಮತ್ತೆ ಅಂದ್ರು. ಅಲ್ಲೇ ಇರ್ತೀರಾ?"

ಆ ಕೊನೆಯ ಮಾತು ಆಡುವಾಗ ಅವನ ದನಿ ಎಷ್ಟು ಸಣ್ಣಗಾಯಿತೆಂದರೆ, ಅವಳಿಗೆ ಅವನ ಎದೆಯೊಳಗಿನದೆಲ್ಲ ಕಂಡುಹೋಯಿತು.

ಅವಳು ಅವನನ್ನು ದಾಟಿ ಮುಂದೆ ಹೋದಳು. ದೋಣಿಯ ಕಂಬವನ್ನು ಎಡಗೈಯಲ್ಲಿ ಹಿಡಿದು, ಮೆಟ್ಟಿಲ ಮೇಲೆ ಕಾಲಿಟ್ಟು ಒಳಗಿಳಿದಳು. ಒಂದು ಕ್ಷಣ ನಿಂತಳು. ಮತ್ತೆ ಜಗಲಿಯ ಕಂಬ ಹಿಡಿದು ಹೊರಬಂದಳು. ಮತ್ತೆ ಒಳಗೆ. ಅವನು ಅವಳ ಹೆಜ್ಜೆಗಳನ್ನೇ ನೋಡುತ್ತಿದ್ದ. ಸಹಾಯಕ್ಕೆ ಮಾತ್ರ ಮುಂದೆ ಬರಲಿಲ್ಲ.

ದೋಣಿಯೊಳಗೆ ನೆಟ್ಟಗೆ ನಿಂತು ಅವಳು ಕಂಬ ಬಿಟ್ಟಳು.

"ರೂಮು ಬೇಡ ಅಂತ ನಾಳೆ ಹೇಳ್ತೀನಿ," ಅಂದಳು. "ಈಗ ಕೈ ಕೊಡಿ."

ಅವನು ಗಾಬರಿಯಾದ. "ಯಾಕೆ, ಕಾಲು ನೋಯ್ತಿದ್ಯಾ? ಬೀಳ್ತೀನಿ ಅನ್ಸ್ತಿದ್ಯಾ?"

"ಇಲ್ಲ. ಗಟ್ಟಿಯಾಗಿ ನಿಂತಿದೀನಿ... ಅದಕ್ಕೇ ಕೇಳ್ತಿರೋದು."

ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಚಾಚಿದ.