ಕೂದಲಿನ ಕೊಂಡಿ

"ಅದೊಂದು ಸೀರಿ ಬಿಟ್ಟು ಯಾವದರ ಆರಿಸ್ಕೋ, ತಂಗೀ," ಎಂದ ಗಾಳೆಪ್ಪ. ಕುಣಿಮಗ್ಗದಲ್ಲಿ ಸೊಂಟದವರೆಗೆ ಇಳಿದು ಕೂತಿದ್ದ ಆ ಮುದುಕ ಮೇಲೆದ್ದು ಬರುವಷ್ಟರಲ್ಲಿ ಪದ್ಮವ್ವ ಟ್ರಂಕಿನ ತಳದಿಂದ ಅದನ್ನೇ ಎಳೆದು ತೆಗೆದಿದ್ದಳು.

ಅದು ಎಪ್ಪತ್ತಾರರ ಬೇಸಿಗೆ. ಕೆರೂರಿನ ಪದ್ಮವ್ವ ಇಳಕಲ್ಲಿಗೆ ಬಂದದ್ದು ಅದೇ ಮೊದಲು. ನಾದಿನಿ ಮಾಯವ್ವನ ಲಗ್ನ ವಾರದೊಳಗಿತ್ತು. ಅಕ್ಕಿಕಾಳು ಬೀಳುವಾಗ ಮದುಮಗಳು ತಲೆಮೇಲೆ ಹೊದೆಯುವ ಸೆರಗನ್ನು ವೈನಿಯೇ, ಅಂದರೆ ಅಣ್ಣನ ಹೆಂಡತಿಯೇ, ಆರಿಸಬೇಕೆಂಬುದು ಅವರ ಮನೆಯ ಪದ್ಧತಿ. ಮುಂಜಾನೆಯಿಂದ ಎಷ್ಟೋ ಸೆರಗು ಮಾಯವ್ವನ ಕೆನ್ನೆಗೆ ಹಿಡಿದು ನೋಡಿದ್ದಾಗಿತ್ತು. ಕಪ್ಪು ಬಣ್ಣದ ಹುಡುಗಿ, ಯಾವ ಕೆಂಪು ಹಿಡಿದರೂ ಇನ್ನಷ್ಟು ಮಂಕಾಗುತ್ತಿದ್ದಳು. ಇದನ್ನು ಹಿಡಿದಾಗ ಮಾತ್ರ ಮುಖದಲ್ಲಿ ದೀಪ ಹಚ್ಚಿದಂತಾಯಿತು.

"ನೋಡ್ರಿ ಅಜ್ಜಾ, ಇಕಿಗೇ ನೇಯ್ದಂಗ ಐತಿ."

"ನನ್ನ ಮಗಳಿಗೆ ನೇಯ್ದದ್ದು ಅದು. ಶಾರವ್ವಗ." ಗಾಳೆಪ್ಪ ನೆಲ ನೋಡುತ್ತ ಹೇಳಿದ. "ಅರಿಷಿಣ ಹಚ್ಚಿದ ಮ್ಯಾಲ ಗಂಡಿನವರು ಹುಡುಗಿ ಕರ್ರಗದಾಳಂತ ಬಿಟ್ಟು ಹೋದ್ರು. ಬಾವಿಗೆ ಬಿದ್ಲು. ಆ ಹುಡುಗ ಬ್ಯಾರೆ ಹೆಣ್ಣು ನೋಡಿದ. ಆ ಹೆಣ್ಣಿಗೆ ಕೊಡಾಕಂತ ನನ್ನ ಹೇಣ್ತಿ ಇದಕ್ಕ ಮಾಟಾ ಮಾಡಿದ್ಲು. ನಾ ಮುಚ್ಚಿಟ್ಟೆ. ಕೊಂಡಿ ನೋಡು."

ಇಳಕಲ್ಲ ಸೀರೆಯ ಮೈಯೂ ಸೆರಗೂ ಬೇರೆ ಬೇರೆ ಹಾಸು, ಉದ್ದನೆಯ ಎಳೆಗಳ ಬೇರೆ ಬೇರೆ ಕಂತೆ. ಮೈಯ ಒಂದೊಂದು ಎಳೆಗೆ ಸೆರಗಿನ ಒಂದೊಂದು ರೇಷ್ಮೆ ಎಳೆ ಸಿಕ್ಕಿಸಿ ಕೊಂಡಿ ಹಾಕುತ್ತಾರೆ. ಈ ಕೊಂಡಿಗಳಲ್ಲಿ ರೇಷ್ಮೆಯ ಜೊತೆ ಇನ್ನೊಂದು ಎಳೆ ಇತ್ತು. ಕಪ್ಪಗೆ, ಸಣ್ಣಗೆ.

"ಶಾರವ್ವನ ಕೂದಲಾ. ಇದನ್ನ ಹೊದ್ದಾಕಿ ಆಕಿ ಕಡೆ ಹೋಗಬೇಕು, ಹಂಗ ಕಟ್ಟ್ಯಾಳ ನನ್ನ ಹೇಣ್ತಿ. ಒಂದು ತಲಿ ಸಿಗೂತನಕ ಬಿಡೂದಿಲ್ಲ."

"ಮತ್ತ ಸುಡಲಿಲ್ಲ ಯಾಕ?"

"ಮಗಳದಂತ ಉಳಿದದ್ದು ಅಷ್ಟ ಐತಿ."

ಪದ್ಮವ್ವ ನಕ್ಕಳು. "ಛಲೋ ಸೀರಿ ಮಾರಾಕ ಮನಸಿಲ್ಲಂದ್ರ ಹಿಂಗೂ ಕತಿ ಕಟ್ಟತೀರಿ ಬಿಡ್ರಿ."

"ವೈನಿ, ಬ್ಯಾಡ," ಎಂದಳು ಮಾಯವ್ವ.

"ನೀ ಸುಮ್ನಿರು. ಇದಿಲ್ಲದ ಹಂದರದಾಗ ಕುಂತ್ರ ನಿನಗೂ ಕರ್ರಗದಾಳ ಅಂತಾರ."

ಮುದುಕ ಬೇಡವೆನ್ನುತ್ತಿದ್ದಂತೆಯೇ ಪದ್ಮವ್ವ ರೊಕ್ಕ ಮಗ್ಗದ ಮೇಲಿಟ್ಟು, ಸೀರೆ ಬಗಲಲ್ಲಿಟ್ಟುಕೊಂಡು ಹೊರಬಿದ್ದಳು. ಗಾಳೆಪ್ಪ ಬಾಗಿಲಲ್ಲೇ ನಿಂತಿದ್ದ. ಆದರೂ ಒಳಗೆ ಮಗ್ಗ ಒಮ್ಮೆ ಖಟ್ ಎಂದಿತು.

ಲಗ್ನದ ದಿನ ಮಟಮಟ ಮಧ್ಯಾಹ್ನ. ಹೊರಗೆ ಹಂದರದಲ್ಲಿ ವಾಜಂತ್ರಿಯ ಸದ್ದು. ಒಳಗಿನ ಕತ್ತಲೆ ಕೋಣೆಯಲ್ಲಿ ಜೋಳದ ಚೀಲಗಳ ನಡುವೆ ಪದ್ಮವ್ವ ನಾದಿನಿಗೆ ಸೀರೆ ಉಡಿಸಿ, ಸೆರಗನ್ನು ತಲೆಗೆ ಹೊದಿಸಿದಳು.

ಪಾಚಿಯ ವಾಸನೆ ಬಂತು. ಬಳಕೆ ತಪ್ಪಿದ ಬಾವಿಯ ಮೆಟ್ಟಿಲಿಳಿದರೆ ಬರುವಂಥದ್ದು. ಮಾಯವ್ವನ ಹಣೆಯಿಂದ ನೀರಿಳಿಯಿತು. ಬೆವರಲ್ಲ. ತಣ್ಣಗಿತ್ತು.

"ವೈನಿ, ಯಾರೋ ಹಿಂದಿಂದ ಜಡಿ ಎಳಿಯಾಕತ್ತಾರ."

ಹಿಂದೆ ಗೋಡೆಯಿತ್ತು.

ಪದ್ಮವ್ವ ಸೆರಗು ಎಳೆದಳು. ಬರಲಿಲ್ಲ. ಕೊಂಡಿಯ ಕೂದಲು ಹುಡುಗಿಯ ಕೂದಲೊಳಗೆ ಹೊಕ್ಕಿತ್ತು. ಹೆಣೆಯುತ್ತಿತ್ತು. ಎಳೆಗೆ ಎಳೆ. ಖಟ್. ಖಟ್. ಕೋಣೆಯಲ್ಲಿ ಮಗ್ಗವಿರಲಿಲ್ಲ. ಮಾಯವ್ವ ಬಾಯಿ ತೆರೆದಳು. ದನಿ ಬರಲಿಲ್ಲ, ನೀರು ಬಂತು. ಕಣ್ಣುಗುಡ್ಡೆಗಳು ಮೇಲೇರಿದವು. ಪದ್ಮವ್ವ ಅಡಕತ್ತರಿ ತಡಕಿ ಕೊಂಡಿಗೆ ಹಾಕಿ ಅಮುಕಿದಳು. ಅಡಕತ್ತರಿಯೇ ಮುರಿಯಿತು. ಖಟ್. ಖಟ್.

"ಹುಡಿಗೀನ ಕರ್ಕೊಂಡು ಬರ್ರಿ, ಯಾಳೆ ಆತು," ಹೊರಗಿನಿಂದ ಯಾರೋ ಕರೆದರು.

ಒಂದು ತಲಿ ಸಿಗೂತನಕ. ಮುದುಕನ ಮಾತು ಈಗ ಪದ್ಮವ್ವನಿಗೆ ನಗು ತರಿಸಲಿಲ್ಲ.

ಸೆರಗೆತ್ತಿ ತಾನೂ ಒಳಗೆ ತಲೆ ತೂರಿಸಿದಳು. ಹಣೆಗೆ ಹಣೆ ತಾಕಿತು. ಅಲ್ಲಿ ಮೂರನೆಯ ಉಸಿರಿತ್ತು.

"ಶಾರವ್ವಾ, ಆರಿಸಿದಾಕಿ ನಾನು. ಇಕೀನ ಬಿಡು. ನನ್ನ ತಲಿ ತಗೋ."

ಖಟ್ ಎನ್ನುವುದು ನಿಂತಿತು. ಮಾಯವ್ವನ ತಲೆ ಸೆರಗಿನಿಂದ ಬಿಡಿಸಿಕೊಂಡಿತು.

ಮಾಯವ್ವ ವೈನಿಯ ಹಳೆಯ ಸೀರೆಯುಟ್ಟು ಹಂದರಕ್ಕೆ ಹೋದಳು. ಕರ್ರಗದಾಳೆಂದು ಯಾರೂ ಅನ್ನಲಿಲ್ಲ. ಇಂದು ಮಕ್ಕಳೊಂದಿಗೆ ಚೆನ್ನಾಗಿದ್ದಾಳೆ.

ಪದ್ಮವ್ವನ ತಲೆಮೇಲೇರಿದ ಆ ಸೆರಗು ಮಾತ್ರ ಅಂದಿನಿಂದ ಇಳಿದಿಲ್ಲ. ಮಲಗಿದ್ದಾಗ ಗಂಡ ಒಮ್ಮೆ ಅದರ ಅಂಚೆತ್ತಿ ನೋಡಿದ. ಅವಳದೆನ್ನುವ ಒಂದು ಕೂದಲೂ ನೆತ್ತಿಯಲ್ಲಿ ಉಳಿದಿರಲಿಲ್ಲ. ಆದರೂ ಸೆರಗಿನ ಅಡಿಯಿಂದ ಬೆನ್ನ ಮೇಲೆ ದಟ್ಟ ಜಡೆಯೊಂದು ಇಳಿಬಿದ್ದಿರುತ್ತದೆ. ಸುಡುವ ಬಿಸಿಲಲ್ಲೂ ಅದರ ತುದಿಯಿಂದ ನೀರು ತೊಟ್ಟಿಕ್ಕುತ್ತದೆ. ವರ್ಷ ವರ್ಷವೂ ಉದ್ದವಾಗುತ್ತ ಬಂದಿದೆ. ಅದು ನೆಲ ಮುಟ್ಟಿದ ದಿನ ಶಾರವ್ವನ ಕಡೆ ಹೋಗಬೇಕೆಂದು ಪದ್ಮವ್ವನಿಗೆ ಗೊತ್ತು.

ಈಗ ನೆಲ ಮುಟ್ಟಲು ಗೇಣಷ್ಟೇ ಬಾಕಿ.