ಇಪ್ಪತ್ತು ಸೆಕೆಂಡಿನ ಸುಳ್ಳು

"ಅಯ್ಯೋ, ಒತ್ತಬೇಡಿ!"

ಕಂಪ್ಯೂಟರಿನ ಪವರ್ ಬಟನ್ ಮೇಲಿದ್ದ ಅವಳ ಬೆರಳನ್ನು ಅವನು ಗಬಕ್ಕನೆ ಹಿಡಿದೇಬಿಟ್ಟ. ಮರುಕ್ಷಣವೇ ನಾಚಿ ಕೈಬಿಟ್ಟ.

"ಕ್ಷಮಿಸಿ ಮೇಡಂ... ರಿಪೇರಿಗೆ ಬಂದಿದೀನಿ. ಹಾಗೆ ಬಲವಂತವಾಗಿ ಆಫ್ ಮಾಡಿದ್ರೆ ಒಳಗಿನ ಫೈಲ್ ಹಾಳಾಗುತ್ತೆ."

"ಇಪ್ಪತ್ತು ನಿಮಿಷದಿಂದ ಆಫ್ ಆಗ್ತಾನೇ ಇದೆ! ಹೊರಟು ನಿಂತು ಬಾಗಿಲಲ್ಲೇ ಮಾತಾಡೋ ನೆಂಟರ ಥರ!"

ಅವನು ಜೋರಾಗಿ ನಕ್ಕ. ಅವಳೆದುರಿಗೆ ಯಾರಾದರೂ ನಕ್ಕು ಎಷ್ಟು ದಿನವಾಗಿತ್ತು!

ಅದು ಅವಳ ಅಣ್ಣನ ಕನ್ನಡಕದಂಗಡಿ. ಸಂಜೆ ಆರಕ್ಕೆ ಅಣ್ಣ ಮನೆಗೆ ಹೊರಟರೆ, ಗಿರಾಕಿಗಳ ಕಣ್ಣಿನ ನಂಬರೆಲ್ಲ ತುಂಬಿಕೊಂಡ ಆ ಹನ್ನೊಂದು ವರ್ಷದ ಕಂಪ್ಯೂಟರನ್ನು ಮಲಗಿಸುವುದು ಇವಳ ಪಾಲು. ಆಮೇಲೆ ಬೀಗ ಹಾಕಿ ಮೆಟ್ಟಿಲು ಹತ್ತಿದರೆ ಒಂದು ಕೋಣೆ, ಒಂದು ತಟ್ಟೆ, ಒಂದು ಲೋಟ. ಮೂವತ್ತೇಳು ತುಂಬಿದ ಮೇಲೆ ಮನೆಯವರು ಅವಳ ಮದುವೆಯ ಮಾತೆತ್ತುವುದನ್ನೂ ಬಿಟ್ಟಿದ್ದರು.

ಮುಕ್ಕಾಲು ಗಂಟೆ ಹುಡುಕಿ ಅವನು ಕಂಪ್ಯೂಟರಿನ ರೋಗ ಪತ್ತೆಹಚ್ಚಿದ.

"ಇಲ್ಲಿ ಹಳೇ ಪ್ರಿಂಟರ್ ಇತ್ತಾ?"

"ಗುಜರಿಗೆ ಹಾಕಿ ಮೂರು ವರ್ಷ ಆಯ್ತು."

"ಅದರ ಸಾಫ್ಟ್‌ವೇರ್ ಇನ್ನೂ ಓಡ್ತಾ ಇದೆ. ಅದು ನಿಲ್ಲಲಿ ಅಂತ ಕಂಪ್ಯೂಟರ್ ಕಾಯ್ತಾ ಕೂರುತ್ತೆ."

ಅದನ್ನು ತೆಗೆದುಹಾಕಿ ಆಫ್ ಮಾಡಿದ. ಇಪ್ಪತ್ತೇ ಸೆಕೆಂಡು!

ಅವಳು ನೀರು ಕೊಟ್ಟಳು. "ಮಧ್ಯಾಹ್ನ ಊಟ ಮಾಡಿದ್ರಾ? ಮುಖ ಬಾಡಿದೆ."

ಅವನು ಒಂದೇ ಗುಟುಕಿಗೆ ಲೋಟ ಬರಿದು ಮಾಡಿದ. "ಹಾಗೆ ಕೇಳೋರು ಯಾರೂ ಇಲ್ಲ ಮೇಡಂ."

ಮರುದಿನ ಕೆಲಸ ಬೇಗ ಮುಗಿಯಿತು. ಖಾಲಿ ಕೋಣೆಯೂ ಇಪ್ಪತ್ತು ನಿಮಿಷ ಮೊದಲೇ ಸಿಕ್ಕಿತು! ಹಾಸಿಗೆಯ ತುದಿಯಲ್ಲಿ ಕೂತವಳಿಗೆ ಅಳುವೇ ಬಂತು. ಫೋನ್ ಎತ್ತಿಕೊಂಡಳು.

"ಸರ್... ಮತ್ತೆ ನಿಧಾನ ಆಗಿದೆ."

ಅವನು ಬಂದ, ನೋಡಿದ, ತಲೆ ಕೆರೆದುಕೊಂಡು ಹೋದ. ವಾರ ಬಿಟ್ಟು ಅವಳು ಮತ್ತೆ ಕರೆದಳು. ವಿಷಯ ತಿಳಿದ ಅತ್ತಿಗೆ ಫೋನಿನಲ್ಲೇ ಛೇಡಿಸಿದಳು: "ಕೆಟ್ಟಿರೋದು ಕಂಪ್ಯೂಟರೋ, ನಿನ್ನ ತಲೆಯೋ?"

ಮೂರನೇ ಸಲ ಬಂದವನ ಮುಖ ಬಿಗಿದಿತ್ತು. ಪರದೆಯ ಮೇಲೆ ಯಾವುದೋ ಪಟ್ಟಿ ತೆರೆದ.

"ಇದು ಲಾಗ್. ಯಾವತ್ತು ಆಫ್ ಆಗೋಕೆ ಎಷ್ಟು ಹೊತ್ತು ಹಿಡೀತು ಅಂತ ಕಂಪ್ಯೂಟರೇ ಬರೆದಿಡುತ್ತೆ. ಹತ್ತೊಂಬತ್ತು ಸೆಕೆಂಡು, ಇಪ್ಪತ್ತು, ಇಪ್ಪತ್ತೆರಡು... ಒಂದು ದಿನಾನೂ ನಿಧಾನ ಆಗಿಲ್ಲ."

ಅವಳು ಪರದೆಯನ್ನು ದುರುಗುಟ್ಟಿ ನೋಡಿದಳು. ಈ ಹಾಳು ಯಂತ್ರ ಚಾಡಿ ಬೇರೆ ಹೇಳುತ್ತದಾ!

"ನನ್ನ ಕೆಲಸದ ಮೇಲೆ ನಂಬಿಕೆ ಇಲ್ಲ ಅಂದ್ರೆ ನೇರವಾಗಿ ಹೇಳಬಹುದಿತ್ತು. ಇನ್ಮೇಲೆ ಬೇರೆಯವರನ್ನ ಕಳಿಸ್ತೀನಿ."

ಬ್ಯಾಗ್ ಹೆಗಲೇರಿತು. ಅವನು ಬಾಗಿಲ ಹತ್ತಿರ ಹೋದ.

'ಈಗ ಬಾಯಿ ಬಿಡದಿದ್ದರೆ ಇವನು ಮತ್ತೆ ಬರುವುದಿಲ್ಲ. ಮಾನ ಹೋದರೆ ಹೋಗಲಿ!'

"ನಿಲ್ಲಿ!" ಅವಳು ಕೂಗಿದಳು. "ಸುಳ್ಳು ಹೇಳಿದ್ದು ನಾನು. ಕಂಪ್ಯೂಟರ್ ಚೆನ್ನಾಗೇ ಇದೆ. ನೀವು ಬರಲಿ ಅಂತ... ನನಗೆ ಒಬ್ಬಳೇ ಇದ್ದು ಇದ್ದು ಸಾಕಾಗಿದೆ. ನೀವು ಬಂದ ದಿನ ಮಾತ್ರ ಸಂಜೆ ಸಂಜೆಯ ಥರ ಇರುತ್ತೆ."

ಅವನು ತಿರುಗಿ ನೋಡಿದ. ಅವಳ ಕಣ್ಣೀರು ಗಲ್ಲಕ್ಕಿಳಿದಿತ್ತು.

"ನಾನು... ನಿಮಗೆ ನನ್ನ ಕಂಡ್ರೆ ಆಗಲ್ಲ, ತಪ್ಪು ಹುಡುಕ್ತಿದೀರಾ ಅಂದ್ಕೊಂಡೆ. ಅದಕ್ಕೇ ಅಷ್ಟು ನೋವಾಯ್ತು." ಅವನು ಬ್ಯಾಗ್ ಕೆಳಗಿಟ್ಟ. "ಬೇರೆ ಗಿರಾಕಿ ಹಾಗಂದಿದ್ರೆ ನಗ್ತಾ ಹೋಗ್ತಿದ್ದೆ. ನೀವು ಹಾಗಂದ್ರೆ ತಡೆಯೋಕಾಗಲ್ಲ. ನಿಮ್ಮನ್ನ ಮೊದಲ ದಿನದಿಂದ್ಲೇ ಇಷ್ಟಪಟ್ಟಿದೀನಿ."

ಅವಳು ಅಳುತ್ತಲೇ ನಕ್ಕಳು.

"ಹಾಗಾದ್ರೆ... ನಾಳೆ ಏನು ಕೆಟ್ಟಿದೆ ಅಂತ ಫೋನ್ ಮಾಡ್ಲಿ?"

"ಏನೂ ಕೆಟ್ಟಿಲ್ಲ, ಬಾ ಅನ್ನು. ಬರ್ತೀನಿ."