ಚುಕ್ಕಿಯ ಪಕ್ಕದ ಮರಿ

ಅವನು ನಮ್ಮ ಸ್ಟಡ್ ಫಾರ್ಮಿನ ಆಫೀಸಿಗೆ ಬಂದಾಗ ನಾನು ಮೇಜಿನ ತುಂಬ ಕುದುರೆಗಳ ವಂಶಾವಳಿ ಹರಡಿಕೊಂಡು, ಪೆನ್ಸಿಲಿಗಾಗಿ ಡ್ರಾಯರುಗಳನ್ನೆಲ್ಲ ಜಾಲಾಡುತ್ತಿದ್ದೆ.

"ತಲೇಲಿದೆ," ಎಂದ.

"ಏನು?"

"ಪೆನ್ಸಿಲ್. ಜಡೆಗೆ ಸಿಕ್ಕಿಸ್ಕೊಂಡಿದೀರಿ."

ಪಕ್ಕದ ಫಾರ್ಮಿನ ಬೀಜದ ಕುದುರೆಯನ್ನು ನೋಡಿಕೊಳ್ಳುವವನು ಅವನು. ಎಂಥ ಕುದುರೆ ಕಾಲೆತ್ತಿ ನಿಂತರೂ "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಾನೆಂದು ಎಲ್ಲರೂ ಅವನನ್ನು ಮೆಲ್ಲಗೆ ಎಂದೇ ಕರೆಯುವುದು. ನನಗೂ ಹೆಸರಿಟ್ಟಿದ್ದಾರೆ, ಅಳತೆಗೋಲು ಅಂತ. ಯಾವ ಕುದುರೆಯನ್ನೂ ಅಳೆಯದೆ, ಅದರ ಅಜ್ಜಿ ಮುತ್ತಜ್ಜಿಯ ಸಮಾಚಾರ ಕೇಳದೆ ನಾನು ಬಿಡುವವಳಲ್ಲ.

ನಮ್ಮಲ್ಲಿ ಇಪ್ಪತ್ತೆರಡು ಹೆಣ್ಣು ಕುದುರೆಗಳಿವೆ. ಸೀಸನ್ ಶುರುವಾಗುವ ಮೊದಲು ಯಾರಿಗೆ ಯಾವ ಗಂಡು ಎಂದು ಗೊತ್ತುಮಾಡುವುದು ನನ್ನ ಕೆಲಸ. ಗಂಡಿನ ಬಗ್ಗೆ ಯಾರು ಎಷ್ಟು ಹೊಗಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅದರ ಮರಿಗಳನ್ನು ನೋಡಿ ತೀರ್ಮಾನಿಸುತ್ತೇನೆ. ನಾನು ಬರೆದ ವರದಿಯನ್ನು ಫಾರ್ಮಿನ ಒಡತಿಯಾದ ನನ್ನ ಸೋದರತ್ತೆ ಸುತ್ತಲಿನ ಫಾರ್ಮುಗಳಿಗೂ ಕಳಿಸುತ್ತಾರೆ. ಅವರು ಕಣ್ಣುಮುಚ್ಚಿ ನಂಬುತ್ತಾರೆ.

ಅವನು ಅದೇ ವರದಿಯ ಜೆರಾಕ್ಸನ್ನು ನನ್ನ ಮುಂದಿಟ್ಟು ಒಂದು ಸಾಲಿನ ಮೇಲೆ ಬೆರಳಿಟ್ಟ. ಅವನ ಕುದುರೆ ಸಾಹೇಬನ ಬಗ್ಗೆ ನಾನು ಬರೆದದ್ದು: ಮರಿಯ ಮುಂಗಾಲು ಮೊಣಕಾಲಿನ ಹತ್ತಿರ ಒಳಕ್ಕೆ ಬಾಗಿದೆ. ಬೇಡ.

"ಇದು ಯಾವ ಮರಿ ಮೇಡಂ?"

"ಚುಕ್ಕೀದು. ನಿಮ್ಮಲ್ಲಿರೋ ಹಣೆಬೊಟ್ಟಿನ ಕುದುರೆ. ಅವಳನ್ನ ಹೋದ ವರ್ಷಕ್ಕಿಂತ ಹಿಂದಿನ ಸೀಸನ್‌ನಲ್ಲಿ ಸಾಹೇಬನಿಗೆ ಗೊತ್ತುಮಾಡಿದ್ದು ನನ್ನ ಲಿಸ್ಟ್‌ನಲ್ಲಿದೆ. ನಾಲ್ಕು ತಿಂಗಳ ಹಿಂದೆ ನಿಮ್ಮ ಬೇಲಿ ಹತ್ರ ನಿಂತು ಕಣ್ಣಾರೆ ನೋಡಿದೀನಿ. ಮರಿ ಅವಳ ಹಾಲು ಕುಡೀತಿತ್ತು."

ಅವನು ಕುರ್ಚಿ ಎಳೆದುಕೊಂಡು ಕೂತ.

"ಚುಕ್ಕಿಯ ಮರಿ ಹುಟ್ಟುವಾಗಲೇ ಸತ್ತುಹೋಯ್ತು. ಅದೇ ವಾರ ಬೇರೆ ಫಾರ್ಮಲ್ಲಿ ಒಂದು ಮರಿ ತಾಯಿನ ಕಳ್ಕೊಂಡಿತ್ತು. ತಂದು ಇವಳ ಪಕ್ಕ ನಿಲ್ಲಿಸಿದೆ. ಇಬ್ಬರಿಗೂ ಒಂದೇ ವಾಸನೆ ಬರಲಿ ಅಂತ ಇವಳ ಮೂಗಿಗೂ ಅದರ ಮೈಗೂ ಒಂದೇ ಮುಲಾಮು ಹಚ್ಚಿದೆ. ಮೂರು ದಿನ ಒದ್ದಳು. ನಾಲ್ಕನೇ ದಿನ ನೆಕ್ಕಿದಳು." ಜೆರಾಕ್ಸಿನ ಮೇಲೆ ಮತ್ತೆ ಬೆರಳಿಟ್ಟ. "ನೀವು ನೋಡಿದ್ದು ಸಾಕುಮರಿ. ಸಾಹೇಬನಿಗೂ ಅದಕ್ಕೂ ಸಂಬಂಧವೇ ಇಲ್ಲ."

ನನ್ನ ಕಿವಿ ಬಿಸಿಯಾಯಿತು.

"ಅವತ್ತೇ ಹೇಳಬಹುದಿತ್ತಲ್ಲ?"

"ಕೇಳಬಹುದಿತ್ತಲ್ಲ? ಇಪ್ಪತ್ತು ಹೆಜ್ಜೆ ದೂರದಲ್ಲೇ ಇದ್ದೆ. ಕಾಲು ಗಂಟೆ ನಿಂತ್ಕೊಂಡು ಬರೆದ್ರಿ, ಒಂದು ಮಾತು ಕೇಳ್ಲಿಲ್ಲ."

ನಾನು ಜೆರಾಕ್ಸನ್ನು ಹತ್ತಿರಕ್ಕೆಳೆದುಕೊಂಡು ಆ ಸಾಲನ್ನು ಮತ್ತೊಮ್ಮೆ ಓದಿದೆ.

"ಶನಿವಾರ ನಿಮ್ಮ ಅತ್ತೆ ಮನೇಲಿ ಎಲ್ಲಾ ಫಾರ್ಮಿನವರೂ ಸೇರಿ ಯಾವ ಹೆಣ್ಣಿಗೆ ಯಾವ ಗಂಡು ಅನ್ನೋ ಲಿಸ್ಟ್ ಮುಗಿಸ್ತಾರೆ," ಎಂದು ಎದ್ದ. "ಸಾಹೇಬನಿಗೆ ಹತ್ತು ಹೆಣ್ಣು ಕುದುರೆನಾದ್ರೂ ಗೊತ್ತಾಗದೇ ಇದ್ರೆ ನಮ್ಮ ಯಜಮಾನರು ಅವನನ್ನ ಮಾರ್ತಾರೆ. ಹಡಗು ಹತ್ತಿಸಿ ಕಳಿಸೋ ದೂರಕ್ಕೆ. ನಿಮ್ಮ ವರದಿ ಬಂದ್ಮೇಲೆ ಒಪ್ಪಿದವರೆಲ್ಲ ಒಬ್ಬೊಬ್ಬರಾಗಿ ಜಾರ್ಕೊಂಡ್ರು."

"ನೀವು?"

"ಅವನು ಹುಟ್ಟಿದಾಗ ಕೈಯಲ್ಲಿ ಹಿಡ್ಕೊಂಡವನು ನಾನು. ಅವನ ಜೊತೆ ಹೋಗ್ತೀನಿ."

ಬಾಗಿಲವರೆಗೆ ಹೋದವನು ಒಮ್ಮೆ ತಿರುಗಿ ನನ್ನ ಜಡೆಯತ್ತ ನೋಡಿದ. ಪೆನ್ಸಿಲ್ ಇನ್ನೂ ಅಲ್ಲೇ ಇತ್ತು.

ನಿಜ ಹೇಳುತ್ತೇನೆ. ಅವತ್ತು ಬೇಲಿಯ ಹತ್ತಿರ ಅವನು ಅಂಗಿಯ ತೋಳು ಮಡಿಸಿಕೊಂಡು ಚುಕ್ಕಿಯ ಬೆನ್ನುಜ್ಜುತ್ತಿದ್ದ. ಬ್ರಷ್ಷು ಎತ್ತಿದಾಗಲೆಲ್ಲ ನನ್ನ ಕಡೆ ನೋಡುತ್ತಿದ್ದ, ನಾನು ತಲೆಯೆತ್ತಿದರೆ ಮತ್ತೆ ಉಜ್ಜಲು ಶುರುಮಾಡುತ್ತಿದ್ದ. ಮೂವತ್ತೊಂದು ವರ್ಷದ ನನಗೆ ನಾಲಿಗೆ ಒಣಗಿಹೋಯಿತು. ಮಾತಾಡಿದರೆ ದನಿ ನಡುಗೀತೆಂದು ಹೆದರಿ, ಕಂಡದ್ದನ್ನು ಗೀಚಿಕೊಂಡು ಓಡಿಬಂದಿದ್ದೆ. ನನ್ನ ಈ ಹುಚ್ಚಿಗೆ ಒಂದು ಒಳ್ಳೆಯ ಕುದುರೆಯೂ ಅದನ್ನು ಸಾಕಿದವನೂ ಊರು ಬಿಡುವ ಹಾಗಾಗಿತ್ತು.

ಹಾಗಾಗಲು ನಾನು ಬಿಡುವುದಿಲ್ಲ ಎಂದು ಅಲ್ಲೇ ಗಟ್ಟಿಮಾಡಿಕೊಂಡೆ.

ಅತ್ತೆ ವರಾಂಡದಲ್ಲಿ ಬೂಟುಗಳಿಗೆ ಪಾಲಿಶ್ ಹಾಕುತ್ತಿದ್ದರು. ನಡೆದದ್ದನ್ನು ಹೇಳಿದೆ, ನಾಲಿಗೆ ಒಣಗಿದ್ದೊಂದನ್ನು ಬಿಟ್ಟು.

"ಈಗ ತಪ್ಪಾಯ್ತು ಅಂದ್ರೆ ನಾಳೆ ನಿನ್ನ ವರದಿನ ಯಾರು ನಂಬ್ತಾರೆ?" ಎಂದರು.

"ತಪ್ಪು ಅಂತ ಗೊತ್ತಿದ್ದೂ ಸುಮ್ಮನಿದ್ರೆ ನಾನೇ ನಂಬಲ್ಲ ಅತ್ತೆ."

"ಹಟಮಾರಿ. ನಿಮ್ಮಪ್ಪನ ಪಡಿಯಚ್ಚು." ಬೂಟನ್ನು ಬೆಳಕಿಗೆ ಹಿಡಿದು ನೋಡಿದರು. "ಸರಿ, ಇನ್ನು ಐದು ದಿನ ಇದೆ. ಏನು ಮಾಡ್ತೀಯೋ ಮಾಡು. ಬರೀ ಬಾಯಿಮಾತು ತಂದ್ರೆ ಕೇಳಲ್ಲ."

ಸಾಹೇಬನ ಮರಿಗಳು ಬದುಕಿರುವುದು ನಾಲ್ಕು. ಮೂರು ಫಾರ್ಮುಗಳಲ್ಲಿದ್ದವು. ಜೀಪು ತೆಗೆದುಕೊಂಡು ಮೂರಕ್ಕೂ ಹೋದೆ. ಈ ಸಲ ಮೊದಲು ಕೇಳಿದೆ: ತಾಯಿ ಯಾರು, ಹುಟ್ಟುವಾಗ ಯಾರು ನೋಡಿದರು, ಹಾಲು ಯಾರದು. ಆಮೇಲೆ ಅಳತೆಗೋಲು ತೆಗೆದೆ. ಒಂದು ನನ್ನ ತೋಳು ಕಚ್ಚಿತು, ಇನ್ನೊಂದು ನೋಟ್‌ಬುಕ್ಕಿನ ಎರಡು ಹಾಳೆ ತಿಂದುಹಾಕಿತು. ನಾಲ್ಕರ ಮೊಣಕಾಲುಗಳೂ ನೆಟ್ಟಗಿದ್ದವು. ನಡೆಯುವಾಗ ಗೊರಸು ಅತ್ತಿತ್ತ ವಾಲದೆ ನೇರ ಬೀಳುತ್ತಿತ್ತು.

ಬುಧವಾರ ಬೆಳಿಗ್ಗೆ ಅವನ ಲಾಯದ ಮುಂದೆ ಜೀಪು ನಿಲ್ಲಿಸಿದೆ. ಸಾಹೇಬ ಬಾಗಿಲ ಮೇಲೆ ಕತ್ತು ಹಾಕಿಕೊಂಡು ಬಿಸಿಲು ಕಾಯುತ್ತಿದ್ದ.

"ಹಿರಿಯಕ್ಕನ್ನ ಸಾಹೇಬನಿಗೆ ಗೊತ್ತುಮಾಡಿದೀನಿ," ಎಂದೆ, ಗೆದ್ದವಳ ಗತ್ತಿನಲ್ಲಿ. ಹಿರಿಯಕ್ಕ ನಮ್ಮ ಫಾರ್ಮಿನ ಕಣ್ಮಣಿ. ಅವಳನ್ನೇ ಕಳಿಸಿದರೆ ಬೇರೆ ಯಾರೂ ತಕರಾರು ತೆಗೆಯುವಂತಿರಲಿಲ್ಲ.

ಅವನು ಬಕೆಟ್ ಕೆಳಗಿಟ್ಟ. "ಬೇಡ."

"ಏನು ಬೇಡ?"

"ಹಿರಿಯಕ್ಕ ಬೇಡ. ಅವಳದು ಉದ್ದ ಬೆನ್ನು, ಸಾಹೇಬನದೂ ಉದ್ದ ಬೆನ್ನು. ಹುಟ್ಟೋ ಮರಿ ನಡು ಸೋತು ನರಳುತ್ತೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು."

"ಹತ್ತು ಕುದುರೆ ಬೇಕು ಅಂದವರು ನೀವೇ ಅಲ್ವಾ?"

"ಹೌದು, ನಾನೇ. ಆದ್ರೆ ನಿಮ್ಮ ತಪ್ಪಿನ ಭಾರನ ಹುಟ್ಟದೇ ಇರೋ ಮರಿ ಬೆನ್ನ ಮೇಲೆ ಹೊರಿಸ್ಬೇಡಿ."

ನನಗೆ ನಖಶಿಖಾಂತ ಉರಿಯಿತು. ಶನಿವಾರ ಕಳೆದರೆ ಊರೇ ಬಿಟ್ಟುಹೋಗಲಿರುವವನು ಬೆನ್ನಿನ ಉದ್ದ ಲೆಕ್ಕ ಹಾಕುತ್ತಿದ್ದಾನೆ! ಎರಡು ಸುತ್ತು ಅಂಗಳ ತಿರುಗಿದೆ. ಮೂರನೇ ಸುತ್ತಿಗೆ ಅವನು ಹೇಳಿದ್ದು ಸರಿ ಎಂದು ಒಪ್ಪಿಕೊಳ್ಳದೆ ಬೇರೆ ದಾರಿಯಿರಲಿಲ್ಲ. ಅವನ ಮೇಲಿನ ಆಸೆ ಅಲ್ಲಿಗೆ ಇನ್ನೂ ಒಂದು ಕೈ ಹೆಚ್ಚಾಯಿತು.

"ಮತ್ತೆ ಯಾರು ಆಗಬಹುದು?" ಎಂದು ಕೇಳಿದೆ.

"ಜಗಳಗಂಟಿ."

ನಾನು ನಕ್ಕುಬಿಟ್ಟೆ. ಜಗಳಗಂಟಿ ನಮ್ಮ ಫಾರ್ಮಿನ ಕುಳ್ಳಿ. ನನ್ನೊಬ್ಬಳನ್ನು ಬಿಟ್ಟು ಬೇರೆ ಯಾರನ್ನೂ ಹತ್ತಿರ ಸೇರಿಸುವುದಿಲ್ಲ.

"ಗಿಡ್ಡ ಬೆನ್ನು, ಗಟ್ಟಿ ನಡು, ಕಂಬದಂಥ ಕಾಲು," ಎಂದ ಅವನು ಗಂಭೀರವಾಗಿ. "ಸಿಟ್ಟು ಸ್ವಲ್ಪ ಜಾಸ್ತಿ. ಸಾಹೇಬ ಸಮಾಧಾನಿ, ಸರಿಹೋಗುತ್ತೆ. ಮೂಗಿನ ತುದೀಲೇ ಕೋಪ ಇರೋರು ಅಂದ್ರೆ ನಮ್ಮ ಕಡೆ ಯಾರಿಗೂ ಭಯ ಇಲ್ಲ."

"ಕುದುರೆ ಬಗ್ಗೆ ಹೇಳ್ತಿದೀರಾ?"

"ಮತ್ತೆ ಯಾರ ಬಗ್ಗೆ?" ಎಂದು ಬಕೆಟ್ ಎತ್ತಿಕೊಂಡ. ಅವನ ತುಟಿಯ ಒಂದು ಮೂಲೆ ಮಾತ್ರ ಮೇಲಕ್ಕೆ ಹೋಗಿತ್ತು. ಅಷ್ಟು ಸಾಕಾಯಿತು ನನಗೆ, ವಾಪಸು ಬರುವಾಗ ಎರಡು ಸಲ ದಾರಿ ತಪ್ಪಲು.

ಶನಿವಾರ ಅತ್ತೆಯ ಹಾಲ್‌ನಲ್ಲಿ ಒಂಬತ್ತು ಫಾರ್ಮಿನವರು ಸೇರಿದರು. ಉದ್ದ ಮೇಜು, ಟೀ ಕಪ್ಪುಗಳು, ನಡುವೆ ಲಿಸ್ಟ್. ಹೊರಗೆ ಅಂಗಳದಲ್ಲಿ ಸಾಹೇಬನ ನಾಲ್ಕು ಮರಿಗಳನ್ನು ಹಿಡಿದುಕೊಂಡು ಅವನು ನಿಂತಿದ್ದ. ಅವುಗಳ ಯಜಮಾನರ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಕೇಳಿಕೊಂಡು ನಾನೇ ಕರೆಸಿದ್ದೆ. ಸೆಕೆ ಎಂದು ಯಾರೋ ಕಿಟಕಿ ತೆರೆದರು.

ನಾನು ಎದ್ದು ನಿಂತು ಹಳೆಯ ವರದಿ ಓದಿದೆ. ಅದು ತಪ್ಪು ಎಂದೆ. ಚುಕ್ಕಿಯ ಕಥೆ ಹೇಳಿ, ಹೊಸ ಅಳತೆಗಳನ್ನು ಓದಿದೆ.

ಮೇಷ್ಟ್ರು ಕನ್ನಡಕ ತೆಗೆದರು. ಶಾಲೆಯಿಂದ ನಿವೃತ್ತರಾದ ಮೇಲೆ ಅವರು ಮೂರು ಕುದುರೆ ಸಾಕಿದ್ದಾರೆ. ಅವರ ಮಾತಿಗೆ ಉಳಿದವರೆಲ್ಲ ತಲೆಯಾಡಿಸುತ್ತಾರೆ.

"ಒಂದು ಸಂಶಯ ಕಣಮ್ಮ. ನನ್ನ ಕುದುರೆ ನೋಡೋಕೆ ಬಂದಾಗ ನೀನು ಅದರ ಅಜ್ಜಿಗೆ ಎಷ್ಟು ಹಲ್ಲಿತ್ತು ಅಂತ ಕೇಳಿದವಳು. ಅವತ್ತು ಎದುರಿಗೇ ಇದ್ದವನನ್ನ ಈ ಮರಿ ಯಾರದು ಅಂತ ಯಾಕೆ ಕೇಳ್ಲಿಲ್ಲ?"

ಎಲ್ಲರೂ ನನ್ನನ್ನೇ ನೋಡಿದರು. ಮರೆತೆ ಎನ್ನಬಹುದಿತ್ತು, ಹೊತ್ತಾಗಿತ್ತು ಎನ್ನಬಹುದಿತ್ತು. ಆದರೆ ಒಂದು ಸುಳ್ಳು ವರದಿಯನ್ನು ತಿದ್ದಲು ಬಂದು ಇನ್ನೊಂದು ಸುಳ್ಳು ಹೇಳಿದರೆ ನಾನು ಯಾವ ಸೀಮೆ ಅಳತೆಗೋಲು?

"ಅವರು ನನ್ನನ್ನ ನೋಡ್ತಿದ್ರು," ಎಂದೆ. "ನನಗೆ ಮಾತು ಹೊರಡ್ಲಿಲ್ಲ. ಅವರು ಅಂದ್ರೆ ನನಗಿಷ್ಟ ಮೇಷ್ಟ್ರೇ. ಅದಕ್ಕೇ ಕೇಳ್ಲಿಲ್ಲ."

ಕಿಟಕಿಯಾಚೆ ಒಂದು ಮರಿ ಕಾಲು ಕೆರೆಯಿತು. ಅದರ ಪಕ್ಕದಲ್ಲಿ ನಿಂತವನಿಗೆ ಒಂದೊಂದು ಅಕ್ಷರವೂ ಕೇಳಿಸಿದೆ ಎಂದು ಆಗ ಗೊತ್ತಾಯಿತು.

"ಹಾಗಾದ್ರೆ ಈ ಹೊಸ ವರದಿನೂ ಅದಕ್ಕೇ ಬರೆದಿದ್ದಾ?" ಎಂದರು ಮೇಷ್ಟ್ರು.

ಆ ಪ್ರಶ್ನೆಗೆ ನಾನು ತಯಾರಾಗಿದ್ದೆ. ಅಳತೆಗೋಲನ್ನು ಮೇಜಿನ ಮೇಲಿಟ್ಟೆ. "ನನ್ನ ಮಾತು ನಂಬಬೇಡಿ. ಮರಿಗಳು ಹೊರಗಿವೆ. ನೀವೇ ಅಳೆದು ನೋಡಿ."

ಅಳೆದರು. ಬಗ್ಗಿ, ಕೂತು, ಕಾಲೆತ್ತಿಸಿ, ಅಂಗಳದುದ್ದಕ್ಕೂ ನಡೆಸಿ ಒಂದು ಗಂಟೆ ನೋಡಿದರು. ಮೇಷ್ಟ್ರ ಕನ್ನಡಕವನ್ನು ನೋಟ್‌ಬುಕ್ ತಿಂದ ಮರಿ ಕಚ್ಚಿಕೊಂಡು ಹೋಯಿತು. ಮರಿಗಳನ್ನು ಹಿಡಿದವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವನ ಕತ್ತು ಮಾತ್ರ ಕೆಂಪಗಾಗಿತ್ತು.

ಒಳಗೆ ಬಂದ ಮೇಲೆ ಮೇಷ್ಟ್ರು ತಮ್ಮ ಎರಡು ಕುದುರೆಗಳ ಹೆಸರನ್ನು ಸಾಹೇಬನ ಮುಂದೆ ಬರೆದರು. ಉಳಿದವರೂ ಪೆನ್ನು ತೆಗೆದರು. ಲಿಸ್ಟ್ ಸುತ್ತು ಹಾಕಿ ಅತ್ತೆಯ ಕೈಗೆ ಬಂದಾಗ ಒಂಬತ್ತು ಹೆಸರಾಗಿತ್ತು.

ಅತ್ತೆ ಆತುರವಿಲ್ಲದೆ ಟೀ ಮುಗಿಸಿದರು.

"ಜಗಳಗಂಟಿನ ಕಳಿಸ್ತೀನಿ," ಎಂದರು ಕಿಟಕಿಯ ಕಡೆ ನೋಡಿ, ಹೊರಗಿದ್ದವನಿಗೂ ಕೇಳಿಸುವಂತೆ. "ಆದ್ರೆ ಅವಳು ಇವಳ ಕೈ ಬಿಟ್ಟು ಬೇರೆಯವರ ಹತ್ರ ಮೇವೂ ಮುಟ್ಟಲ್ಲ. ಸೀಸನ್ ಮುಗಿಯೋವರೆಗೂ ಇವಳು ದಿನಾ ಅಲ್ಲಿಗೆ ಬರ್ಬೇಕಾಗುತ್ತೆ. ಇಬ್ಬರು ಜಗಳಗಂಟಿಯರನ್ನ ಸಂಭಾಳಿಸೋಕಾಗುತ್ತೇನಪ್ಪಾ?"

ಅತ್ತೆ ಹತ್ತನೆಯ ಹೆಸರು ಬರೆದು ನನ್ನ ಕಡೆ ಪೆನ್ನು ತೋರಿಸಿದರು. "ಹೋಗೇ. ಇನ್ನೂ ಇಲ್ಲೇ ನಿಂತಿದೀಯಲ್ಲ."

ಅವನು ಮರಿಗಳಿಗೆ ನೀರು ಕುಡಿಸುತ್ತಿದ್ದ. ನಾನು ಹತ್ತಿರ ಹೋಗಿ ನಿಂತೆ. ಈ ಸಲ ನಡುವೆ ಬೇಲಿ ಇರಲಿಲ್ಲ.

"ಎಲ್ಲಾ ಕೇಳಿಸ್ತಾ?"

"ಕಿಟಕಿ ತೆರೆದಿತ್ತು."

"ಅವತ್ತು ನೀವಾದ್ರೂ ಬಂದು ಮಾತಾಡಿಸಬಹುದಿತ್ತು."

"ನೀವು ಬರೀತಾ ಇದ್ರಿ." ನೀರಿನ ಪೈಪನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ನನ್ನ ಬಗ್ಗೆನೂ ಏನಾದ್ರೂ ಬರ್ಕೊಳ್ತಿದೀರೇನೋ ಅಂತ ಬೆನ್ನು ನೆಟ್ಟಗೆ ಮಾಡ್ಕೊಂಡು ನಿಂತಿದ್ದೆ. ನೀವು ಹೋದ್ಮೇಲೆ ಎರಡು ದಿನ ಸೊಂಟ ನೋವು."

ನಾನು ಬಿದ್ದು ಬಿದ್ದು ನಕ್ಕೆ. ಅವನೂ ನಕ್ಕ. ಪೈಪಿನ ನೀರು ನನ್ನ ಬೂಟಿನೊಳಕ್ಕೆ ಹರಿಯುತ್ತಿದ್ದದ್ದು ಇಬ್ಬರಿಗೂ ತಿಳಿಯಲಿಲ್ಲ. ಆಮೇಲೆ ಅವನು ಕೈಚಾಚಿ ನನ್ನ ಜಡೆಯಿಂದ ಪೆನ್ಸಿಲನ್ನು ಮೆತ್ತಗೆ ಎಳೆದು ನನ್ನ ಅಂಗೈಯಲ್ಲಿಟ್ಟ. ಇಟ್ಟ ಕೈಯನ್ನು ತೆಗೆಯಲಿಲ್ಲ.

"ಇನ್ನೇನಾದ್ರೂ ಕೇಳೋದಿದೆಯಾ ಮೇಡಂ?"

ಇತ್ತು. ಒಂದು ಪ್ರಶ್ನೆ ಕೇಳದೆ ಬಿಟ್ಟು ನಾಲ್ಕು ತಿಂಗಳು ಕಳೆದುಕೊಂಡಿದ್ದೆ, ಇನ್ನೊಂದನ್ನು ಬಿಡುವ ಧೈರ್ಯ ನನಗಿರಲಿಲ್ಲ. ದನಿ ನಡುಗಿದರೆ ನಡುಗಲಿ ಎಂದು ಉಸಿರು ಎಳೆದುಕೊಂಡೆ.

"ನನ್ನನ್ನ ಮದುವೆ ಆಗ್ತೀ..."

"ಆಗ್ತೀನಿ," ಎಂದ ಮೆಲ್ಲಗೆ. ಕೇಳಿ ಮುಗಿಸಲೂ ಬಿಡಲಿಲ್ಲ.